‘ಜಿ’ ಅಕ್ಷರ ದೊಡ್ಡಪ್ಪನ ಮನೆಯಲ್ಲಿದೆ

“ಅಪ್ಪಾ, ಇದರಲ್ಲಿ ಜಿ ಇಲ್ಲ!”

ಅಪ್ಪ ತಲೆ ಎತ್ತಲಿಲ್ಲ. ಬಲಗೈಯಲ್ಲಿ ಅಂಟಿನ ಬ್ರಷ್, ಎಡಗೈ ಕೆಳಗೆ ಆಗಷ್ಟೇ ಹೊಲಿದ ಪುಸ್ತಕದ ಬೆನ್ನು. “ಸರಿಯಾಗಿ ನೋಡು. ಎಫ್ ಆದ್ಮೇಲೆ ಜಿ.”

“ಎಫ್ಫೂ ಇಲ್ಲ. ಎ-ನೇ ಇಲ್ಲ! ಶುರುವಾಗೋದೇ ಎಲ್‌ನಿಂದ. ಅದೂ ಪೂರ್ತಿ ಎಲ್ ಅಲ್ಲ, ಅರ್ಧ.”

“ಅದು ಹೇಗಾಗುತ್ತೆ? ಡಿಕ್ಷನರಿ ಅಂದ್ಮೇಲೆ ಜಿ ಇರ್ಲೇಬೇಕು. ಎಲ್ಲಿಗೆ ಹೋಗುತ್ತೆ?” ಎಂದ ಮೇಲೆ ಅಪ್ಪನಿಗೇ ನೆನಪಾಯಿತು. ಬ್ರಷ್ ಅಲ್ಲೇ ನಿಂತಿತು.

“ದೊಡ್ಡಪ್ಪನ ಮನೆಗೆ,” ಎಂದಳು ಗೋಂದು.

ಅಪ್ಪ ಬ್ರಷ್ಷನ್ನು ಡಬ್ಬಿಗೆ ಅದ್ದಿ, ಬೇಕಾದ್ದಕ್ಕಿಂತ ಜಾಸ್ತಿ ಹೊತ್ತು ಕಲಕಿದ.

ಗೋಂದು ಎನ್ನುವುದು ಶಾಲೆಯ ರಿಜಿಸ್ಟರಿನಲ್ಲಿರುವ ಹೆಸರಲ್ಲ. ಎರಡು ವರ್ಷದವಳಿದ್ದಾಗ ಅಂಟಿನ ಬೋಗುಣಿಯಲ್ಲಿ ಕೂತುಬಿಟ್ಟಿದ್ದಳು. ಎಬ್ಬಿಸಿದರೆ ಬೋಗುಣಿಯೂ ಜೊತೆಗೆ ಎದ್ದಿತ್ತು. ಅಂದಿನಿಂದ ಮನೆಗೆಲ್ಲ ಅವಳು ಗೋಂದು. ದೊಡ್ಡಪ್ಪನ ಮಗ ಯಾವಾಗಲೂ ಬೆನ್ನು ನೆಟ್ಟಗೆ ಮಾಡಿಕೊಂಡೇ ನಡೆಯುತ್ತಿದ್ದುದರಿಂದ ಅವನು ರಟ್ಟು. ಪುಸ್ತಕ ಕಟ್ಟುವವರ ಮನೆಯಲ್ಲಿ ಇದಕ್ಕಿಂತ ಒಳ್ಳೆಯ ಹೆಸರು ಹುಟ್ಟುವುದಾದರೂ ಹೇಗೆ?

ಹೌದು, ಅವರದು ಬೈಂಡಿಂಗ್ ಅಂಗಡಿ. ಹರಿದ ಪುಸ್ತಕ, ಹೊಸ ರಿಜಿಸ್ಟರು, ಕಾಲೇಜಿನವರ ವರದಿ, ಎಲ್ಲ ಇಲ್ಲಿಗೆ ಬಂದು ಹೊಲಿಸಿಕೊಂಡು, ಅಂಟು ಹಚ್ಚಿಸಿಕೊಂಡು, ರಟ್ಟು ತೊಟ್ಟುಕೊಂಡು ಹೋಗುತ್ತಿದ್ದವು. ದೊಡ್ಡಪ್ಪ ರಟ್ಟು ಕತ್ತರಿಸಿ ಕವರ್ ಮಾಡುತ್ತಿದ್ದ. ಅಪ್ಪ ಹಾಳೆ ಹೊಲಿಯುತ್ತಿದ್ದ. ಕವರನ್ನೂ ಹಾಳೆಯನ್ನೂ ಇಬ್ಬರೂ ಸೇರಿ ಜೋಡಿಸುತ್ತಿದ್ದರು.

ನಾಲ್ಕು ತಿಂಗಳ ಹಿಂದೆ ಕಾಲೇಜಿನ ನಲವತ್ತು ವರದಿಗಳಿಗೆ ಕವರ್ ತಲೆಕೆಳಗಾಗಿ ಕೂತುಬಿಟ್ಟಿತು. ಒಂದಲ್ಲ ಎರಡಲ್ಲ, ನಲವತ್ತಕ್ಕೆ ನಲವತ್ತೂ.

“ನೀನು ಹಾಳೆ ಉಲ್ಟಾ ಇಟ್ಟೆ,” ಎಂದ ದೊಡ್ಡಪ್ಪ.

“ನೀನು ಕವರ್ ಉಲ್ಟಾ ಹಿಡಿದೆ,” ಎಂದ ಅಪ್ಪ.

ಮಾತಿಗೆ ಮಾತು ಬೆಳೆಯಿತು. ಒಂದೇ ವಾರದಲ್ಲಿ ಅಂಗಡಿಯ ನಡುವೆ ಪ್ಲೈವುಡ್ಡಿನ ಗೋಡೆ ಎದ್ದಿತು. ಹಿಂದಿನ ಮನೆಯೂ ಎರಡಾಯಿತು. ಸೂಜಿ, ದಾರ, ಕತ್ತರಿ, ಸ್ಟೂಲು, ಎಲ್ಲ ಅರ್ಧರ್ಧ. ಕಡೆಗೆ ಉಳಿದದ್ದು ಅಜ್ಜನ ಕಾಲದ ದಪ್ಪ ಇಂಗ್ಲಿಷ್-ಕನ್ನಡ ಡಿಕ್ಷನರಿ. ಬೇರೆ ಮನೆಯವರಾಗಿದ್ದರೆ ಅದಕ್ಕಾಗಿ ಕಿತ್ತಾಡುತ್ತಿದ್ದರೋ ಏನೋ. ಇವರು ಬೈಂಡರುಗಳು. ದೊಡ್ಡಪ್ಪ ಬ್ಲೇಡ್ ತಗೊಂಡು ನಡುವಿನ ದಾರ ಕೊಯ್ದ. ಇಬ್ಬರೂ ಅವರವರ ಅರ್ಧಕ್ಕೆ ಅಂದವಾದ ಕವರ್ ಹಾಕಿಕೊಂಡರು.

“ಅಣ್ಣ ಒಂದು ಎಳೆ ದಾರಾನೂ ಬಿಡಲಿಲ್ಲ. ಎಣಿಸಿ ತಗೊಂಡ,” ಎಂದು ಅಪ್ಪ ಆಗಾಗ ಹೇಳುತ್ತಿದ್ದ. ಅಂಟು ಗಟ್ಟಿಯಾದಾಗ, ಸೂಜಿ ಮುರಿದಾಗ, ಕೆಲವು ಸಲ ಸುಮ್ಮನೆ ಕೂತಾಗ.

ಈಗ ನೋಡಿದರೆ ಗೋಂದುವಿಗೆ ಬೇಕಾದ್ದು ಗಲ್ಫ್. ಅದಿರುವುದು ಗೋಡೆಯ ಆಚೆ.

ತಪ್ಪು ಅವಳದೇ. ಇಂಗ್ಲಿಷ್ ಮಿಸ್ ನೀರಿಗೆ ಸಂಬಂಧಪಟ್ಟ ಪದಗಳನ್ನು ಚೀಟಿಯಲ್ಲಿ ಬರೆದು ಎಲ್ಲರಿಗೂ ಒಂದೊಂದು ಹಂಚಿದ್ದರು. “ಮೂರು ಅರ್ಥ, ಮೂರು ಸಿನಾನಿಮ್, ನಿಮ್ಮದೇ ಒಂದು ವಾಕ್ಯ. ಫೋನಿಂದ ಬೇಡ. ಹೋದ್ಸಲ ನಲವತ್ತು ಜನಾನೂ ಒಂದೇ ಸ್ಪೆಲಿಂಗ್ ತಪ್ಪು ತಂದಿದ್ರಿ. ಪುಸ್ತಕದಿಂದ ಬರೀರಿ, ಪುಟದ ನಂಬರ್ ಸಮೇತ. ಮನೇಲಿ ಇಲ್ಲದೋರು ಇವತ್ತೇ ಲೈಬ್ರರಿಗೆ ಹೋಗಿ.”

“ನಮ್ಮನೇಲಿ ಇದೆ ಮಿಸ್! ಇಟ್ಟಿಗೆಗಿಂತ ದಪ್ಪ ಇದೆ!” ಎಂದು ಗೋಂದು ಎದ್ದು ನಿಂತು ಹೇಳಿದ್ದಳು. ಲೈಬ್ರರಿಗೆ ಹೊರಟವರನ್ನು ನೋಡಿ ಅಯ್ಯೋ ಪಾಪ ಎಂದು ನಕ್ಕಿದ್ದಳು ಕೂಡ. ಈಗ ನಾಲ್ಕು ಗಂಟೆ. ಲೈಬ್ರರಿಗೆ ಬೀಗ ಬಿದ್ದಿರುತ್ತದೆ. ನಾಳೆ ಮೊದಲ ಪೀರಿಯಡ್ಡೇ ಇಂಗ್ಲಿಷ್.

ಒಳಗೆ ಅಮ್ಮ ಹಾಳೆ ಮಡಿಚುತ್ತಿದ್ದಳು. “ಅಮ್ಮಾ, ಗಲ್ಫ್ ಅಂದ್ರೇನು?”

“ದೂರದ ದೇಶ. ಹಾಲಿನಂಗಡಿಯವನ ತಮ್ಮ ಕೆಲಸಕ್ಕೆ ಹೋಗಿದ್ದಾನಲ್ಲ, ಅದು.”

“ಹಾಲಿನಂಗಡಿಯವನ ತಮ್ಮ ಸಿನಾನಿಮ್ ಆಗಲ್ಲಮ್ಮ.”

“ಆಗದಿದ್ರೆ ಬಿಡು. ನನಗೆ ಗೊತ್ತಿರೋದು ಅವನೊಬ್ಬನೇ.”

ಅಜ್ಜಿ ಮೂಲೆಯಲ್ಲಿ ಕೂತು ದಾರಕ್ಕೆ ಮೇಣ ಹಚ್ಚುತ್ತಿದ್ದಳು. ಅಜ್ಜಿ ಮಾತ್ರ ಪಾಲಾಗಿರಲಿಲ್ಲ. ಮಧ್ಯಾಹ್ನದ ಊಟ ಆ ಕಡೆ, ರಾತ್ರಿಯದು ಈ ಕಡೆ. ‘ನನ್ನನ್ನ ಕೊಯ್ಯೋವಂಥ ಬ್ಲೇಡು ಇನ್ನೂ ಅಂಗಡೀಗೆ ಬಂದಿಲ್ಲ’ ಎನ್ನುತ್ತಿದ್ದಳು.

“ಅಜ್ಜಿ, ನೀನು ಆ ಕಡೆ ಹೋಗಿ ಬರ್ಕೊಂಡು ಬಾರೇ.”

“ಇಂಗ್ಲಿಷ್ ನಾನು ಕಲ್ತಿಲ್ಲ. ಚಾಡಿಯಂತೂ ಮೊದ್ಲೇ ಸಾಗಿಸಲ್ಲ,” ಎಂದಳು ಅಜ್ಜಿ. ಆಮೇಲೆ ದಾರವನ್ನು ಹಲ್ಲಿನಿಂದ ಕಡಿದು, “ರಟ್ಟುನ ಕೇಳು,” ಎಂದಳು.

“ಅವನ ಹತ್ರ ಠೂ ಬಿಟ್ಟಿದ್ದೀನಿ.”

“ಓಹೋ. ಹಂಗಾದ್ರೆ ಜಿ ಇಲ್ಲದೇ ಬದುಕೋದು ಕಲ್ತ್ಕೋ.”

ಠೂ ಎಂದರೆ ಸಣ್ಣ ಮಾತಲ್ಲ. ಗೋಡೆ ಎದ್ದ ದಿನವೇ ಗೋಂದು ಮತ್ತು ರಟ್ಟು ಕಿರುಬೆರಳು ತೋರಿಸಿ ಠೂ ಬಿಟ್ಟಿದ್ದರು. ಯಾಕೆ ಎಂದು ಇಬ್ಬರಿಗೂ ಗೊತ್ತಿರಲಿಲ್ಲ. ಅಪ್ಪಂದಿರು ಬಿಟ್ಟಿದ್ದಾರೆ, ನಾವು ಬಿಡದಿದ್ದರೆ ಹೇಗೆ? ಮೊದಲು ಮಾತಾಡಿದವರು ಸೋತ ಹಾಗೆ. ಸೋತವರು ಒಂದು ತಿಂಗಳು ಗೆದ್ದವರ ಬ್ಯಾಗ್ ಹೊರಬೇಕು. ಒಂದೇ ತರಗತಿ, ಪಕ್ಕಪಕ್ಕದ ಬೆಂಚು. ನಾಲ್ಕು ತಿಂಗಳಿಂದ ಒಬ್ಬರ ಎದುರು ಒಬ್ಬರು ಕೆಮ್ಮಿಯೂ ಇರಲಿಲ್ಲ.

ಗೋಂದು ಮತ್ತೆ ಅಂಗಡಿಗೆ ಬಂದು ಆನೆಯ ಮುಂದೆ ನಿಂತಳು.

ಆನೆ ಎಂದರೆ ಪುಸ್ತಕ ಒತ್ತುವ ಕಬ್ಬಿಣದ ಪ್ರೆಸ್. ಮೇಲೆ ದಪ್ಪ ತಿರುಪು, ಅದರ ಕೆಳಗೆ ದಪ್ಪ ಹಲಗೆ, ಹಲಗೆಯ ಕೆಳಗೆ ಪುಸ್ತಕ ಇಡುವ ಬಾಯಿ. ಅಂಟು ಹಚ್ಚಿದ ಪುಸ್ತಕ ಅದರೊಳಗೆ ಅದುಮಿಸಿಕೊಂಡು ಒಣಗಬೇಕು. ಎಂಟು ಜನ ಸೇರಿದರೂ ಅಲುಗದ ಆನೆಯನ್ನು ಪಾಲು ಮಾಡಲಾಗಲಿಲ್ಲ. ಗೋಡೆಯೇ ಅದರ ಸುತ್ತ ಬಳಸಿಕೊಂಡು ನಿಂತಿತು. ಬಾಯಿ ಎರಡೂ ಕಡೆಗೆ ತೆರೆದಿದ್ದರಿಂದ, ಒಬ್ಬರ ಮುಖ ಒಬ್ಬರಿಗೆ ಕಾಣದಂತೆ ಇಬ್ಬರೂ ಅವರವರ ಕಡೆ ಒಂದೊಂದು ರಟ್ಟಿನ ಪರದೆ ಇಳಿಬಿಟ್ಟಿದ್ದರು.

ಹಗಲು ಆನೆ ದೊಡ್ಡಪ್ಪನದು. ನಾಲ್ಕಕ್ಕೆ ಅವನು ತನ್ನ ಪುಸ್ತಕ ತೆಗೆಯುತ್ತಾನೆ. ಐದಕ್ಕೆ ಸರಿಯಾಗಿ, ತಿರುಪು ತಿರುಗಿಸುವ ಕಬ್ಬಿಣದ ಸರಳನ್ನು ಆನೆಯ ಬಾಯಿಂದ ಈ ಕಡೆಗೆ ತಳ್ಳುತ್ತಾನೆ. ಅಪ್ಪ ಎಳೆದುಕೊಳ್ಳುತ್ತಾನೆ. ಬೆಳಿಗ್ಗೆ ಅಪ್ಪ ಆ ಕಡೆಗೆ ತಳ್ಳುತ್ತಾನೆ. ಮಾತಿಲ್ಲ ಕತೆಯಿಲ್ಲ. ನಾಲ್ಕರಿಂದ ಐದರವರೆಗೆ ಆನೆ ಬಾಯಿ ತೆರೆದುಕೊಂಡು ಸುಮ್ಮನಿರುತ್ತದೆ.

ಅಪ್ಪ ಟೀ ಕುಡಿಯಲು ಒಳಗೆ ಹೋದ. ಆ ಕಡೆ ದೊಡ್ಡಪ್ಪನಿಗೂ ಇದೇ ಟೀ ಹೊತ್ತು, ಅಂಗಡಿಯಲ್ಲಿ ರಟ್ಟು ಒಬ್ಬನೇ ಇರುತ್ತಾನೆ. ಗೋಂದು ಒಂದು ಚೀಟಿ ಬರೆದಳು.

‘ನಾನು ಮಾತಾಡ್ತಿಲ್ಲ. ಬರೀತಿದ್ದೀನಿ. ಬರೆದರೆ ಠೂ ಮುರಿಯಲ್ಲ. ಗಲ್ಫ್ ಬೇಕು.’

ಪರದೆ ಎತ್ತಿ ಚೀಟಿಯನ್ನು ಸ್ಕೇಲಿನಿಂದ ಆಚೆಗೆ ನೂಕಿದಳು. ಆಮೇಲೆ ಆ ಕಡೆಯಿಂದ ಇನ್ನೊಂದು ಸ್ಕೇಲು ಬಂತು.

‘ನಾನೂ ಮಾತಾಡ್ತಿಲ್ಲ. ನಿನ್ನ ಚೀಟಿ ಓದೂ ಇಲ್ಲ. ನನ್ನ ಪದ ಸ್ಟ್ರೇಟ್. ಅದು ನಿಮ್ಮ ಅರ್ಧದಲ್ಲಿದೆ.’

ಗೋಂದುವಿಗೆ ನಗು ಬಂತು. ಬಾಯಿ ಮುಚ್ಚಿಕೊಂಡಳು. ನಕ್ಕರೆ ಮಾತಾಡಿದ ಹಾಗೆಯೋ ಅಲ್ಲವೋ ಎಂದು ಠೂ ಬಿಡುವಾಗ ತೀರ್ಮಾನವಾಗಿರಲಿಲ್ಲ.

‘ನೀನು ಗಲ್ಫ್ ಬರೆದು ಕಳಿಸು. ನಾನು ಸ್ಟ್ರೇಟ್ ಬರೆದು ಕಳಿಸ್ತೀನಿ.’

ಚೀಟಿ ಬಂತು. ರಟ್ಟು ನೆಟ್ಟಗೆ ನಡೆಯುತ್ತಿದ್ದನೇ ಹೊರತು ನೆಟ್ಟಗೆ ಬರೆಯುತ್ತಿರಲಿಲ್ಲ. ಕಾಗೆ ಕೆಸರು ತುಳಿದು ಹೋದ ಹಾಗಿತ್ತು.

‘ಇದೇನು, ಕೊಲ್ಲಿಯೋ ಹಲ್ಲಿಯೋ?’ ಎಂದು ಗೋಂದು ಬರೆದಳು. ‘ಪುಸ್ತಕಾನೇ ಕೊಡು. ನಮ್ಮದೂ ಕೊಡ್ತೀನಿ. ಐದರೊಳಗೆ ವಾಪಸ್.’

ಈ ಸಲ ಉತ್ತರ ಬರಲು ತಡವಾಯಿತು. ಒಂದು ಸೂಜಿಯೂ ಗೋಡೆ ದಾಟಬಾರದು ಎಂದು ಎರಡೂ ಮನೆಯಲ್ಲಿ ಕಟ್ಟಪ್ಪಣೆ ಇತ್ತು. ಇದು ಸೂಜಿಯಲ್ಲ, ಅರ್ಧ ಡಿಕ್ಷನರಿ. ಕೊನೆಗೆ ಆನೆಯ ಬಾಯಲ್ಲಿ ಕಂದು ಕವರಿನ ಪುಸ್ತಕ ಮೆಲ್ಲಗೆ ಮುಂದೆ ಬಂತು. ಗೋಂದು ತಮ್ಮ ನೀಲಿ ಕವರಿನದನ್ನು ಪಕ್ಕದಲ್ಲೇ ನೂಕಿದಳು.

ಪುಟ ನಾನೂರ ಐವತ್ತೆರಡು. ಗಲ್ಫ್. ಒಂದು: ಕೊಲ್ಲಿ, ನೆಲದೊಳಕ್ಕೆ ಚಾಚಿಕೊಂಡ ಸಮುದ್ರ. ಎರಡು: ಆಳವಾದ ಕಂದಕ. ಮೂರು: ಜನರ ನಡುವೆ ಉಂಟಾದ ದೊಡ್ಡ ಅಂತರ. ಇವನ್ನೂ ನೋಡಿ: ಅಬಿಸ್, ಕ್ಯಾಸಮ್, ರಿಫ್ಟ್.

ಗೋಂದು ಬೇಗ ಬೇಗ ಬರೆದುಕೊಂಡಳು. ಪುಸ್ತಕ ಮುಚ್ಚುವ ಮುಂಚೆ ಕೊನೆಯ ಪುಟ ನೋಡಿದಳು. ಪುಟ ಆರುನೂರ ಇಪ್ಪತ್ನಾಲ್ಕು. ಕೊನೆಯ ಸಾಲಿನಲ್ಲಿ ಲಿಝರ್ಡ್, ಹಲ್ಲಿ ಎಂದಿತ್ತು. ಅವಳ ಅರ್ಧದ ಮೊದಲ ಸಾಲು ‘ಉದ್ದ ಬಾಲದ, ಗೋಡೆ ಹತ್ತುವ ಪ್ರಾಣಿ’ ಎಂದು ಯಾಕೆ ಶುರುವಾಗುತ್ತಿತ್ತು ಎನ್ನುವುದು ಈಗ ತಿಳಿಯಿತು. ಹಲ್ಲಿಯ ತಲೆ ದೊಡ್ಡಪ್ಪನ ಪಾಲಿಗೆ ಹೋಗಿತ್ತು, ಬಾಲ ಇವರ ಪಾಲಿಗೆ ಬಂದಿತ್ತು!

ಆದರೆ ಅವರ ಪುಸ್ತಕ ಸ್ವಲ್ಪ ತೆಳ್ಳಗಿದೆಯಲ್ಲ?

ಗೋಂದು ಬೈಂಡರನ ಮಗಳು. ಪುಸ್ತಕದ ಬೆನ್ನಿನ ಮೇಲಂಚನ್ನು ಕಣ್ಣ ಹತ್ತಿರ ಹಿಡಿದು ಫಾರಂ ಎಣಿಸಿದಳು. ಹದಿನಾರು ಪುಟದ ಒಂದು ಮಡಿಕೆಗೆ ಒಂದು ಫಾರಂ ಎನ್ನುತ್ತಾರೆ. ದಪ್ಪ ಪುಸ್ತಕವೆಂದರೆ ಅಂಥ ಫಾರಂಗಳನ್ನು ಒಂದರ ಮೇಲೊಂದು ಹೊಲಿದದ್ದು. ಇದರಲ್ಲಿ ಮೂವತ್ತೊಂಬತ್ತು ಇದ್ದವು. ಇನ್ನೊಮ್ಮೆ ಎಣಿಸಿದಳು. ಮೂವತ್ತೊಂಬತ್ತೇ.

‘ನಿಮ್ಮ ಪುಸ್ತಕದ ಬೆನ್ನು ನೋಡಿದೆ. 39. ನಮ್ಮದು ಎಣಿಸು.’

ಸ್ಕೇಲು ಬಂತು. ‘40.’ ಅದರ ಕೆಳಗೆ, ‘ನಮ್ಮಪ್ಪ ಎಣಿಸೋದ್ರಲ್ಲಿ ತಪ್ಪೋದಿಲ್ಲ.’

ಗೋಂದು ಆ ಚೀಟಿಯನ್ನು ನೋಡುತ್ತ ಕೂತಳು. ‘ಅಣ್ಣ ಒಂದು ಎಳೆ ದಾರಾನೂ ಬಿಡಲಿಲ್ಲ’ ಎಂಬ ಅಪ್ಪನ ಮಾತು ನೆನಪಾಯಿತು. ದೊಡ್ಡಪ್ಪ ದಾರ ಬಿಟ್ಟಿದ್ದನೋ ಇಲ್ಲವೋ. ಹದಿನಾರು ಪುಟ ಬಿಟ್ಟಿದ್ದ.

ಒಳಗೆ ಲೋಟ ಇಟ್ಟ ಸದ್ದಾಯಿತು. ಗಡಿಯಾರದಲ್ಲಿ ಐದಕ್ಕೆ ಎರಡೇ ನಿಮಿಷ! ಗೋಂದು ಕಂದು ಪುಸ್ತಕವನ್ನು ಆನೆಯ ಬಾಯಿಗೆ ತಳ್ಳಿದಳು. ಅದೇ ಹೊತ್ತಿಗೆ ಆ ಕಡೆಯಿಂದ ನೀಲಿಯೂ ಬಂತು. ಎರಡೂ ನಡುವಿನಲ್ಲಿ ಢಿಕ್ಕಿ ಹೊಡೆದು ಸಿಕ್ಕಿಕೊಂಡವು. ಇವಳು ನೂಕಿದಳು, ಅವನೂ ನೂಕಿದ. ಜಾಣತನದಲ್ಲಿ ಇಬ್ಬರೂ ಸಮ.

ಆಮೇಲೆ ಕಬ್ಬಿಣದ ಸರಳು ಬಂತು. ಧಡ್!

“ಏನದು ಸಿಕ್ಕಿರೋದು?” ಎಂದು ಆ ಕಡೆ ದೊಡ್ಡಪ್ಪನ ದನಿ. ಈ ಕಡೆ ಅಪ್ಪ ಬಂದು ಪರದೆ ಎತ್ತಿದ. ಆ ಕಡೆಯೂ ಪರದೆ ಎದ್ದಿತು. ನಾಲ್ಕು ತಿಂಗಳ ಮೇಲೆ ಅಣ್ಣ ತಮ್ಮ ಇಬ್ಬರೂ ಆನೆಯ ಬಾಯಿಂದ ಒಬ್ಬರನ್ನೊಬ್ಬರು ನೋಡಿದರು. ಇಬ್ಬರೂ ಬಗ್ಗಿದ್ದರಿಂದ ಇಬ್ಬರ ಮುಖವೂ ಕೆಂಪಾಗಿತ್ತು.

ಅಪ್ಪ ಕೈಗೆ ಸಿಕ್ಕ ಪುಸ್ತಕ ಎಳೆದುಕೊಂಡ. ದೊಡ್ಡಪ್ಪನೂ ಎಳೆದುಕೊಂಡ. ಅಪ್ಪನ ಕೈಗೆ ಕಂದು ಬಂದಿತ್ತು. ಸರಳು ಬಡಿದು ಅದರ ಬೆನ್ನಿನ ಬಟ್ಟೆ ಹರಿದು ಜೋತಾಡುತ್ತಿತ್ತು.

“ಗೋಂದೂ...” ಎಂದ ಅಪ್ಪ. ದನಿ ಏರುವುದರಲ್ಲಿತ್ತು. ಆದರೆ ಅಭ್ಯಾಸಬಲ, ಹೆಬ್ಬೆರಳು ಆಗಲೇ ಹರಿದ ಬೆನ್ನಿನ ಮೇಲೆ ಓಡಾಡುತ್ತಿತ್ತು. ಅದು ಕೊನೆಗೆ ಬಂದು ನಿಂತಿತು. ಮತ್ತೆ ಮೊದಲಿಂದ ಹೊರಟಿತು.

ಅಪ್ಪ ಮಗಳನ್ನು ನೋಡಲಿಲ್ಲ. ಗೋಡೆಯನ್ನೂ ನೋಡಲಿಲ್ಲ. ಆನೆಯ ತಿರುಪನ್ನು ನೋಡುತ್ತ ಅದಕ್ಕೇ ಹೇಳಿದ. “ಆನೇ, ಇದರಲ್ಲಿ ಮೂವತ್ತೊಂಬತ್ತೇ ಇದೆ.”

ಆ ಕಡೆ ನೀಲಿ ಪುಸ್ತಕವನ್ನು ಮೇಜಿನ ಮೇಲಿಟ್ಟ ಸದ್ದಾಯಿತು.

“ಆನೇ, ಆ ಕಡೆಯೋರಿಗೆ ಹೇಳು. ಅವರ ಪಾಲಿಗೆ ಒಂದು ಫಾರಂ ಕಮ್ಮಿ ಬಿದ್ದಿದೆ.”

ದೊಡ್ಡಪ್ಪನೂ ಆನೆಗೇ ಉತ್ತರ ಕೊಟ್ಟ. “ಆನೇ, ಅವನಿಗೆ ಹೇಳು. ಎಪ್ಪತ್ತೊಂಬತ್ತನ್ನ ಎರಡು ಸಮಪಾಲು ಮಾಡೋಕಾಗಲ್ಲ. ನಡುವಿನ ಫಾರಂ ಕೊಯ್ದಿದ್ರೆ ಹಾಳೆ ಹಾಳೆ ಉದುರಿ ಹೋಗ್ತಿತ್ತು. ಇಬ್ಬರಿಗೂ ಉಳೀತಿರಲಿಲ್ಲ.”

“ನೀನೇ ಇಟ್ಕೋಬಹುದಿತ್ತಲ್ಲ.” ಇದನ್ನು ಹೇಳುವಾಗ ಅಪ್ಪ ಆನೆಯ ಹೆಸರು ಹಿಡಿಯುವುದನ್ನು ಮರೆತಿದ್ದ.

“ಸರಳು ತಗೋ. ಹೊತ್ತಾಯ್ತು,” ಎಂದ ದೊಡ್ಡಪ್ಪ.

ಅಪ್ಪ ಸರಳು ತಗೊಂಡ. ಬೈಗುಳ ಇನ್ನೇನು ಬರುತ್ತದೆ ಎಂದು ಗೋಂದು ಕಾದೇ ಕಾದಳು. ಅಪ್ಪ ಮಾತ್ರ ಕಂದು ಪುಸ್ತಕವನ್ನು ಮೇಜಿನ ಮೇಲಿಟ್ಟು, ಹರಿದ ಬಟ್ಟೆಯನ್ನು ಬೆರಳಿನಿಂದ ಸವರಿ ಸವರಿ ಸರಿಮಾಡುತ್ತಿದ್ದ.

ಒಳಗಿನಿಂದ ಅಜ್ಜಿ, ಯಾರಿಗೂ ಅಲ್ಲವೆಂಬಂತೆ, “ಈ ಮನೇಲಿ ಆನೆಗಾದ್ರೂ ಮಾತು ಕೇಳಿಸುತ್ತಲ್ಲ, ಸದ್ಯ,” ಎಂದಳು.

ಮರುದಿನ ಮೊದಲ ಪೀರಿಯಡ್ಡು. ಗೋಂದು ಎದ್ದು ನಿಂತು ಮೂರು ಅರ್ಥ ಓದಿದಳು. ಮೂರು ಸಿನಾನಿಮ್ ಓದಿದಳು. ಪುಟ ನಾನೂರ ಐವತ್ತೆರಡು ಎಂದಳು.

“ವೆರಿ ಗುಡ್. ವಾಕ್ಯ?” ಎಂದರು ಮಿಸ್.

ರಾತ್ರಿ ಅವಳು ಎರಡು ವಾಕ್ಯ ಬರೆದು ಹೊಡೆದು ಹಾಕಿದ್ದಳು. ಮೂರನೆಯದನ್ನು ಓದಿದಳು. “ನಮ್ಮ ಅಂಗಡಿಯಲ್ಲಿ ಒಂದು ಗಲ್ಫ್ ಇದೆ. ಅದು ಆರು ಮಿಲಿಮೀಟರ್ ದಪ್ಪ ಇದೆ.”

ತರಗತಿ ಗೊಳ್ಳೆಂದು ನಕ್ಕಿತು. ಮಿಸ್ಸಿಗೂ ನಗು ಬಂತು. “ಆರು ಮಿಲಿಮೀಟರಾ? ಗಲ್ಫ್ ಅಷ್ಟು ಸಣ್ಣದಿರಲ್ಲಮ್ಮ.”

“ಆರಲ್ಲ ಮಿಸ್, ಎಂಟು,” ಎಂದಿತು ಪಕ್ಕದ ಬೆಂಚು. ರಟ್ಟು ನೆಟ್ಟಗೆ ನಿಂತಿದ್ದ. “ಪ್ಲೈವುಡ್ ತಂದಿದ್ದು ನಮ್ಮಪ್ಪ. ನಂಗೊತ್ತು. ಎಂಟು.”

“ಮೊಳೆ ಹೊಡೆದಿದ್ದು ನಮ್ಮಪ್ಪ! ಆರು ಕಣೋ!”

“ಎಂಟು!”

“ಆರು! ಬೇಕಾದ್ರೆ ಅಳೆದು ನೋಡೋ, ಕಾಗೆ ಕಾಲು!”

ಆಮೇಲೆ ಗೋಂದು ಗಪ್ಪನೆ ಬಾಯಿ ಮುಚ್ಚಿಕೊಂಡಳು. ತಡವಾಗಿತ್ತು. ರಟ್ಟುವಿನ ಮುಖದ ತುಂಬ ಹಲ್ಲು.

“ನಾನು ಮಿಸ್ ಹತ್ರ ಮಾತಾಡಿದ್ದು. ನೀನು ನನ್ನ ಹತ್ರ ಮಾತಾಡಿದ್ದು. ಸೋತೆ, ಸೋತೆ!”

“ಏನ್ರೋ ಇದು, ಅಳತೆ ಪೀರಿಯಡ್ಡಾ?” ಎಂದರು ಮಿಸ್. “ನೀನು ಓದಪ್ಪ, ನಿನ್ನ ಪದ ಸ್ಟ್ರೇಟ್ ಅಲ್ವಾ?”

ರಟ್ಟು ಓದಿದ. ಜಲಸಂಧಿ. ಎರಡು ನೆಲಗಳ ನಡುವೆ ಹಾದು, ಎರಡು ಸಮುದ್ರಗಳನ್ನು ಕೂಡಿಸುವ ಕಿರಿದಾದ ನೀರು. ತನ್ನ ಬರಹ ತನಗೇ ಅರ್ಥವಾಗದೆ ಎರಡು ಕಡೆ ತಡವರಿಸಿದ. ಗೋಂದು ಪಕ್ಕದಿಂದ ಪಿಸುಗುಟ್ಟಿ ಹೇಳಿಕೊಟ್ಟಳು. ಹೇಗಿದ್ದರೂ ಸೋತಾಗಿತ್ತು.

ಸಂಜೆ ಎರಡು ಬ್ಯಾಗ್ ಹೊತ್ತುಕೊಂಡು ಗೋಂದು ಮನೆ ಕಡೆ ನಡೆದಳು. ಒಂದು ಬೆನ್ನಿಗೆ, ಒಂದು ಹೊಟ್ಟೆಗೆ. ರಟ್ಟು ಕೈ ಬೀಸಿಕೊಂಡು ಪಕ್ಕದಲ್ಲಿ ಬರುತ್ತಿದ್ದ.

“ನಿನ್ನ ಬ್ಯಾಗಲ್ಲಿ ಏನು ಕಲ್ಲು ತುಂಬಿದ್ಯಾ?”

“ನಾಲ್ಕು ತಿಂಗಳ ಮಾತು ತುಂಬಿದೆ. ಭಾರ ಇರಲ್ವಾ?”

“ಅಬ್ಬಬ್ಬಾ, ದೊಡ್ಡ ಮನುಷ್ಯ.”

ಅಳೆದೇ ತೀರಬೇಕೆಂದು ಇಬ್ಬರೂ ಗೋಂದುವಿನ ಕಡೆಯ ಬಾಗಿಲಿನಿಂದಲೇ ಅಂಗಡಿಯೊಳಗೆ ಬಂದರು. ಅಪ್ಪ ಹೊಲಿಯುತ್ತ ಕೂತಿದ್ದ. ರಟ್ಟುವನ್ನು ಕಂಡು, ದಿನಾ ನೋಡುವವನಂತೆ, “ಚಪ್ಪಲಿ ಹೊರಗೆ ಬಿಟ್ಯಾ?” ಎಂದನಷ್ಟೆ.

ಆನೆ ಇರುವಲ್ಲಿ ಪ್ಲೈವುಡ್ಡಿನ ಅಂಚು ಕಾಣುತ್ತಿತ್ತು. ರಟ್ಟು ಸ್ಕೇಲು ಹಿಡಿದ. ಗೋಂದು ಬಗ್ಗಿ ನೋಡಿದಳು. ಏಳು.

“ನಾನು ಹೇಳಿದ್ದರ ಹತ್ತಿರ ಇದೆ,” ಎಂದ ರಟ್ಟು.

“ನಾನು ಹೇಳಿದ್ದಕ್ಕೂ ಅಷ್ಟೇ ಹತ್ತಿರ ಇದೆ,” ಎಂದಳು ಗೋಂದು.

ಆಗ ಅವಳಿಗೆ ಕಂಡಿತು. ಆನೆಯ ಬಾಯಿಗೆ ಈ ಕಡೆಯ ಪರದೆ ಇರಲಿಲ್ಲ. ಆ ಕಡೆಯದೂ ಇರಲಿಲ್ಲ. ನಡುವಿನಿಂದ ದೊಡ್ಡಪ್ಪನ ಮೇಜು, ಅದರ ಮೇಲೆ ರಟ್ಟಿನ ಹಾಳೆ ಕೊಯ್ಯುತ್ತಿರುವ ದೊಡ್ಡಪ್ಪನ ಕೈ, ಎಲ್ಲ ಕಾಣುತ್ತಿತ್ತು. ನಾಲ್ಕು ದಾಟಿದ್ದರೂ ಇವತ್ತು ಆನೆಯ ಬಾಯಿ ಖಾಲಿ ಇರಲಿಲ್ಲ. ಒಂದು ಕಂದು ಪುಸ್ತಕ, ಒಂದು ನೀಲಿ ಪುಸ್ತಕ. ಒಂದರ ಮೇಲೊಂದು, ಹಲಗೆಯ ಕೆಳಗೆ ಹಗುರಾಗಿ ಅದುಮಿಸಿಕೊಂಡು ಕೂತಿದ್ದವು. ಎರಡರ ಬೆನ್ನಿಗೂ ಹೊಸ ಬಟ್ಟೆ. ಅಂಚಿನಲ್ಲಿ ಅಂಟು ಇನ್ನೂ ಹಸಿಯಾಗಿ ಹೊಳೆಯುತ್ತಿತ್ತು.

“ಯಾರು ಇಟ್ಟಿದ್ದು? ಎಳೆದು ನೋಡೋಣ್ವಾ?” ಎಂದು ರಟ್ಟು ಕಿವಿಯಲ್ಲಿ ಕೇಳಿದ.

ಒಣಗುವ ಪುಸ್ತಕವನ್ನು ಎತ್ತಿ ನೋಡಿ, ಅಂಟು ಬಿಡಿಸಿ, ಬೈಸಿಕೊಳ್ಳುವುದರಲ್ಲಿ ಗೋಂದುವನ್ನು ಮೀರಿಸಿದವರು ಆ ಮನೆಯಲ್ಲಿ ಯಾರೂ ಇರಲಿಲ್ಲ. ಅವಳ ಕೈ ಆಗಲೇ ಆನೆಯ ಬಾಯಿಯವರೆಗೆ ಹೋಗಿತ್ತು. ಅಪ್ಪ ಹೊಲಿಗೆ ನಿಲ್ಲಿಸಿ ನೋಡಿದ. ಆ ಕಡೆ ಬ್ಲೇಡಿನ ಸದ್ದೂ ನಿಂತಿತು.

ಗೋಂದು ಕೈ ಹಿಂದಕ್ಕೆ ತಗೊಂಡಳು.

“ಮುಟ್ಟಬೇಡ ಕಣೋ,” ಎಂದಳು ಮೆಲ್ಲಗೆ. “ಒಣಗ್ತಾ ಇದೆ.”